ಹದಿನೇಳನೆಯ ಪ್ರಶ್ನೆ

ತುರೋರಿ, ತಾಲೂಕು ಉಮರ್ಗಾ
29 ಜನವರಿ 2024

ಋಷಿಕೇಶ,

ನಾನು ಫೋನು ಎತ್ತುತ್ತಿಲ್ಲವೆಂದು ನೀನು ಮುನಿಸಿಕೊಂಡಿದ್ದೀಯಂತೆ. ಎತ್ತಲು ಫೋನೇ ಇಲ್ಲ. ಹೋದ ವಾರ ನಿಲಂಗಾದಿಂದ ಸ್ಕೂಟಿಯ ಮೇಲೆ ನಿಮ್ಮ ಮನೆಗೆ ಬರುವಾಗ ತುರೋರಿಯ ಢಾಬಾದ ಮುಂದೆ ಜಾರಿ ಬಿದ್ದೆ. ನಾನು ರಸ್ತೆಯ ಎಡಕ್ಕೆ ಬಿದ್ದೆ, ಫೋನು ನಡುವಿಗೆ ಬಿತ್ತು. ನನ್ನ ಕಾಲು ಮಾತ್ರ ಮುರಿಯಿತು. ಫೋನಿನ ಮೇಲೆ ಹದಿನಾಲ್ಕು ಗಾಲಿಯ ಲಾರಿ ಹೋಯಿತು. ಅಪ್ಪ ಅವ್ವ ಇಬ್ಬರೂ ಹಗಲೆಲ್ಲ ನೌಕರಿಗೆ ಹೋಗುವವರು, ನಿಲಂಗಾದಲ್ಲಿ ನೋಡಿಕೊಳ್ಳುವವರು ಯಾರೆಂದು ನಿಮ್ಮಪ್ಪ, ನನ್ನ ಕಾಕಾ, ನನ್ನನ್ನು ಇಲ್ಲೇ ಉಳಿಸಿಕೊಂಡಿದ್ದಾರೆ. ಎರಡೂವರೆ ತಿಂಗಳ ಪ್ಲಾಸ್ಟರು, ನಿಮ್ಮ ಪಡಸಾಲೆಯ ಮಂಚ, ಲಲಿತಾಬಾಯಿ ಅಜ್ಜಿಯ ಭಾಷಣ. ಅಜ್ಜಿಗೆ ಈಗ ಅಕ್ಷರ ಕಾಣಿಸುವುದಿಲ್ಲ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ಈಗ ಕೆಲಸದ ಮಾತು. ನನ್ನ ಎಂ.ಎ. ಪ್ರಬಂಧ ಒಪ್ಪಿಸಲು ಏಪ್ರಿಲ್ ಹದಿನೈದು ಕೊನೆಯ ದಿನ. ವಿಷಯ: ಬಹುಧರ್ಮೀಯ ಸಮಾಜದಲ್ಲಿ ಮುಸ್ಲಿಮೇತರ ವಿದ್ಯಾರ್ಥಿಗಳಿಗೆ ಇಸ್ಲಾಮಿನ ಬಗ್ಗೆ ಇರುವ ಧೋರಣೆ. ನಿಲಂಗಾದ ಐವತ್ತು ಫಾರ್ಮು ನಾನು ಬೀಳುವ ಮೊದಲೇ ತುಂಬಿಸಿಕೊಂಡಿದ್ದೆ. ಉದಗೀರದ ಐವತ್ತು ಬಾಕಿ, ಅವು ಈ ಕಟ್ಟಿನಲ್ಲಿವೆ, ನೀನು ತುಂಬಿಸಿ ಕಳಿಸಬೇಕು. ಸಹಿ ಇರುವ ಕಾಗದವೇ ಬೇಕೆಂದು ನಮ್ಮ ಗೈಡ್ ಮೇಡಂ ಹಟ. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಚೌಕ: ಹೌದು, ಇಲ್ಲ, ಹೇಳಲಾಗದು. ಒಂದರಲ್ಲಿ ಟಿಕ್ ಹಾಕಬೇಕು. ಚೌಕದ ಹೊರಗೆ ಬರೆದದ್ದು ಅಸಿಂಧು. ಹದಿನೇಳನೆಯ ಪ್ರಶ್ನೆಯನ್ನು ಯಾರೂ ಬಿಡಬಾರದು: 'ನಿಮ್ಮ ಮನೆಯ ಹಿರಿಯರು ಮುಸಲ್ಮಾನರ ಮನೆಯಲ್ಲಿ ಊಟ ಮಾಡುವರೇ?' ಇಡೀ ಪ್ರಬಂಧ ಇದರ ಮೇಲೇ ನಿಂತಿದೆ ಎನ್ನುತ್ತಾರೆ ಮೇಡಂ.

ನೀನೇ ಕೂತು ತುಂಬಬೇಡ. ನೀನು ಹುಟ್ಟಿದಾಗಿನಿಂದ ನಿನ್ನನ್ನು ಬಲ್ಲೆ.

ಬೋರ್ಡಿಂಗಿನಲ್ಲಿ ಊಟ ಹೇಗಿದೆ ಎಂದು ಕಾಕಾ ಕೇಳುತ್ತಾರೆ. ಇನ್ನೊಂದು ಸಲ ನಿನ್ನ ಕಿತಾಪತಿಯ ಸುದ್ದಿ ಬಂದರೆ ಓದು ಬಿಡಿಸಿ ಹೆದ್ದಾರಿಯ ಗೊಬ್ಬರದಂಗಡಿಯಲ್ಲಿ ಕೂಡಿಸುತ್ತಾರಂತೆ. ಕುರ್ಚಿ ಒರೆಸಿ ಇಟ್ಟಿದ್ದಾರೆ, ನಾನೇ ನೋಡಿದೆ.

ಸ್ವಪ್ನಾಲಿ


ಉದಗೀರ
5 ಫೆಬ್ರವರಿ 2024

ಒಂದೂವರೆ ಕಾಲಿನ ಸಂಶೋಧಕಿ, ಲಾರಿಯನ್ನು ಎದುರಿಸಿ ಬದುಕುಳಿದ ಧೀರೆ, ಅಕ್ಕ ಸ್ವಪ್ನಾಲಿಯವರ ಮಂಚದ ಸನ್ನಿಧಿಗೆ,

ತಮ್ಮ ಮೊಬೈಲಿನ ಅಕಾಲ ಮರಣದ ವಾರ್ತೆ ಕೇಳಿ ಉದಗೀರ ನಗರ ತತ್ತರಿಸಿತು. ಕೋಟೆಯ ಬುರುಜಿನ ಮೇಲೆ ಎರಡು ಪಾರಿವಾಳಗಳು ಎರಡು ನಿಮಿಷ ಮೌನ ಆಚರಿಸಿದವು. ಮೂರನೆಯದು ಹಾರಿಹೋಯಿತು, ಅದಕ್ಕೆ ಮೊದಲಿನಿಂದಲೂ ಶಿಸ್ತಿಲ್ಲ.

ತಾವು ವಹಿಸಿದ ರಾಷ್ಟ್ರಕಾರ್ಯವನ್ನು ತಲೆಯ ಮೇಲೆ ಹೊತ್ತಿದ್ದೇನೆ. ಬೆಳಗ್ಗೆ ಒಬ್ಬ, ಸಂಜೆ ಒಬ್ಬ ಎಂದು ವಿದ್ಯಾರ್ಥಿಗಳನ್ನು ಹಿಡಿದು ಅಂತರಾತ್ಮವನ್ನು ತೆರೆಸುತ್ತಿದ್ದೇನೆ. ಕೆಲವರ ಅಂತರಾತ್ಮಕ್ಕೆ ತುಕ್ಕು ಹಿಡಿದಿದೆ, ಎಣ್ಣೆ ಬಿಡಬೇಕಾಗುತ್ತದೆ. ಎಣ್ಣೆ ಎಂದರೆ ಚಹಾ.

ಒಂದು ಪ್ರಾರ್ಥನೆ. ಪತ್ರಗಳನ್ನು ಬೋರ್ಡಿಂಗಿಗೆ ಕಳಿಸಬೇಡ, ಕಾಲೇಜಿನ ಆಫೀಸಿಗೆ ಹಾಕು. ಬೋರ್ಡಿಂಗಿನಲ್ಲಿ ಅಂಚೆ ಕಳೆದುಹೋಗುತ್ತದೆ.

ಊಟ ಉತ್ತಮ ಎಂದು ಅಪ್ಪನಿಗೆ ತಿಳಿಸು. ನಮ್ಮ ಮೇಲ್ವಿಚಾರಕರು ಬಲು ಕಟ್ಟುನಿಟ್ಟು. ಬೆಳಗ್ಗೆ ಲಿಂಗಪೂಜೆ ಆಗದೆ ಚಹಾದ ಕಪ್ಪು ಕೆಳಗಿಳಿಯುವುದಿಲ್ಲ. ಹಣೆಯ ವಿಭೂತಿ ಓರೆಯಾದರೆ ಮತ್ತೆ ಹಚ್ಚಿಸುತ್ತಾರೆ. ಸೋಮವಾರ ಮೇಲ್ವಿಚಾರಕರು ತಾವೂ ಮಾಂಸ ಮುಟ್ಟುವುದಿಲ್ಲ.

ತಮ್ಮ ಆಜ್ಞಾಧಾರಕ,
ಋಷಿಕೇಶ ಕಲ್ಯಾಣಪ್ಪ, ಉದಗೀರ ವಿಭಾಗದ ಪ್ರಧಾನ ಅನ್ವೇಷಣಾಧಿಕಾರಿ (ಗೌರವ)


ಉದಗೀರ
12 ಫೆಬ್ರವರಿ 2024

ಪೂಜ್ಯ ಸಂಶೋಧಕಿ,

ಐವತ್ತೂ ಫಾರ್ಮು ಈ ಕಟ್ಟಿನಲ್ಲಿವೆ. ಅನ್ವೇಷಣಾಧಿಕಾರಿಯ ಚಪ್ಪಲಿ ಸವೆದಿದೆ, ಕಂಠ ಒಣಗಿದೆ. ಫಲಿತಾಂಶ ನೋಡಿ ತಮ್ಮ ಮೇಡಂ ಆನಂದಬಾಷ್ಪ ಸುರಿಸಿದರೆ ಫಾರ್ಮುಗಳನ್ನು ಸ್ವಲ್ಪ ದೂರ ಹಿಡಿಯಲು ಹೇಳು. ಶಾಯಿ ಹರಡುತ್ತದೆ.

ಋ.


ತುರೋರಿ
19 ಫೆಬ್ರವರಿ 2024

ಋಷಿ,

ಐವತ್ತು ಫಾರ್ಮುಗಳನ್ನೂ ಓದಿದೆ. ಒಂದೊಂದಾಗಿ ಹೇಳುತ್ತೇನೆ.

ಜಳಕೋಟದಿಂದ ಶಿರೂರ ಅನಂತಪಾಳದವರೆಗಿನ ಐವತ್ತು ಜನ ಬೇರೆ ಬೇರೆ ದಿನ, ಬೇರೆ ಬೇರೆ ಊರಲ್ಲಿ ಕೂತು ತುಂಬಿದ ಫಾರ್ಮುಗಳಿವು. ಹಾಗಾದರೆ ಒಂದೇ ಚಹಾ ಗ್ಲಾಸಿನ ಉಂಗುರ ಐವತ್ತೂ ಕಾಗದಗಳ ಬಲಮೂಲೆಗೆ ಹೇಗೆ ಇಳಿಯಿತು? ಮೊದಲ ಕಾಗದದಲ್ಲಿ ಕಡುಗಂದು, ಐವತ್ತನೆಯದರಲ್ಲಿ ನೆರಳು.

ಮೂವತ್ತೊಂದನೆಯವನು ಕಾಶೆಪ್ಪ, ವಯಸ್ಸು ಹತ್ತೊಂಬತ್ತು, ಉದ್ಯೋಗ ನಿವೃತ್ತ. ನಲವತ್ತನೆಯವಳು ರಂಭಾಬಾಯಿ, ವಯಸ್ಸು ಇಪ್ಪತ್ತು, ಧೋರಣೆ 'ವಿಶಾಲ', ಎತ್ತರ ಐದಡಿ ಎರಡಂಗುಲ. ಎತ್ತರ ನಾನೆಲ್ಲಿ ಕೇಳಿದ್ದೆ?

ಇವೆಲ್ಲ ಹೋಗಲಿ. ಐವತ್ತು ಜನರಲ್ಲಿ ಒಬ್ಬನಿಗೂ ಒಂದು ಸಂಶಯವಿಲ್ಲ, ಒಂದು ಹೆದರಿಕೆಯಿಲ್ಲ, ಒಂದು ಕೆಟ್ಟ ಮಾತಿಲ್ಲ. ಐವತ್ತೂ ಜನರ ಹಿರಿಯರು ಮುಸಲ್ಮಾನರ ಮನೆಯಲ್ಲಿ ಉಂಡು ತೇಗಿದ್ದಾರೆ. ಅದು ಉದಗೀರವೋ ಕೈಲಾಸವೋ?

ಹೊಸ ಐವತ್ತು ಕಳಿಸಿದ್ದೇನೆ. ನನಗೆ ಒಳ್ಳೆಯ ಹುಡುಗರು ಬೇಡ, ಋಷಿ. ಇರುವ ಹುಡುಗರು ಬೇಕು.

ಸ್ವ.


ಉದಗೀರ
2 ಮಾರ್ಚ್ 2024

ಸರ್ವಜ್ಞಳೂ ಸರ್ವಗ್ಲಾಸುಗಳ ಉಂಗುರ ಬಲ್ಲವಳೂ ಆದ ಅಕ್ಕನಿಗೆ,

ಅಪರಾಧಿ ತಪ್ಪೊಪ್ಪಿಕೊಳ್ಳುತ್ತಾನೆ. ಕಾಶೆಪ್ಪನ ನಿವೃತ್ತಿ ಮತ್ತು ರಂಭಾಬಾಯಿಯ ಎತ್ತರ ಅವನ ಸೃಷ್ಟಿಯೇ. ಇನ್ನು ಮುಂದಿನದೆಲ್ಲ ನಿಜ. ಸಾಕ್ಷಿ ಬೇಕಾದರೆ ಚಪ್ಪಲಿ ಕಳಿಸುತ್ತೇನೆ, ಈ ಸಲ ಅದು ಖರೆಯಾಗಿಯೂ ಹರಿದಿದೆ.

ಬೋರ್ಡಿಂಗಿನ ಮನೋಜನಿಂದ ಆರಂಭಿಸಿದೆ. ಅವನು ಫಾರ್ಮನ್ನು ಬೆಳಕಿಗೆ ಹಿಡಿದ, ಹಿಂದೆ ಮುಂದೆ ತಿರುಗಿಸಿದ. "ಲೇ, ಇದು ಪೊಲೀಸರ ಕಡೆ ಹೋಗ್ತದೇನು?"

"ಇಲ್ಲೋ, ನಮ್ಮಕ್ಕನ ಕಡೆ ಹೋಗ್ತದ."

"ಅದು ಇನ್ನೂ ಡೇಂಜರ್ ಬಿಡು" ಎಂದು ಇಪ್ಪತ್ತೂ ಪ್ರಶ್ನೆಗಳಿಗೆ 'ಹೇಳಲಾಗದು' ಟಿಕ್ ಹಾಕಿದ. ತನ್ನ ಹೆಸರಿನ ಮುಂದೆಯೂ ಟಿಕ್ ಹಾಕಲು ಹೋಗಿದ್ದ, ತಡೆದೆ.

ಶಿರೂರ ಅನಂತಪಾಳದ ಅಮರನಾಥನಿಗೆ ಇಸ್ಲಾಮಿನ ಬಗ್ಗೆ ಎಲ್ಲವೂ ಗೊತ್ತು. ಒಂದು ತಾಸು ನನಗೆ ತಿಳಿಸಿ ಹೇಳಿದ. ಚಹಾದ ದುಡ್ಡು ನನ್ನದೇ. ಕೊನೆಗೆ ಕೇಳಿದೆ: "ನಿನಗ ಎಷ್ಟು ಮಂದಿ ಮುಸಲ್ಮಾನರ ಗುರುತು ಅದ?"

"ಒಬ್ಬಾಂವನೂ ಇಲ್ಲ. ಮೊಬೈಲ್‌ದಾಗ ಭಾಳ ಮಂದೀಗಿ ನೋಡೀನಿ."

"ಈ ಪ್ಯಾಂಟ್ ಯಾರು ಹೊಲದಾರ?"

"ನಮ್ಮ ಖಾದರ್ ಚಾಚಾ."

"ಮತ್ತ?"

"ಏ ಹುಚ್ಚ, ಖಾದರ್ ಚಾಚಾ ಮುಸಲ್ಮಾನ ಹ್ಯಾಂಗ ಆಗ್ತಾನಲೇ? ಅಂವಾ ನಮ್ಮೂರಾಂವ!"

ಇದನ್ನು ಯಾವ ಚೌಕದಲ್ಲಿ ಹಾಕಲಿ ಅಕ್ಕ? ಅವನೇ ಹಾಕಿದ್ದಾನೆ, 'ಇಲ್ಲ' ಎಂದು. ನಾನು ಕೈಮುಗಿದು ಇಸಿದುಕೊಂಡೆ.

ಜಳಕೋಟ ಕಡೆಯ ಶ್ರೀಮಂತನದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಒಂಬತ್ತನೆಯ ಪ್ರಶ್ನೆ, 'ನಿಮ್ಮ ದೇವರ ಕಾರ್ಯದಲ್ಲಿ ಮುಸಲ್ಮಾನರಿಗೆ ಪಾತ್ರವಿದೆಯೇ', ಅದಕ್ಕೆ 'ಇಲ್ಲ' ಎಂದು ಎಷ್ಟು ಜೋರಾಗಿ ಟಿಕ್ ಹಾಕಿದನೆಂದರೆ ಕಾಗದ ಹರಿಯಿತು. ಆಮೇಲೆ ಪ್ರೀತಿಯಿಂದ ಹೇಳಿದ: "ಬರೋ ಐತಾರ ಬೀರಪ್ಪಗ ಕುರಿ ಕೊಡ್ತೀವಿ, ಬಾ. ನೀ ತಿನ್ನಂಗಿಲ್ಲ ಖರೇ, ನೋಡಾಕರ ಬಾ."

"ಕೊಯ್ಯಾಂವ ಯಾರು?"

"ಯಾರಂದ್ರ? ಊರ ಮುಲ್ಲಾ. ಅಂವಾ ಬಂದು ಬಿಸ್ಮಿಲ್ಲಾ ಅನ್ನೋತನಕ ನಮ್ಮಪ್ಪ ಮಾಣಿಕಪ್ಪ ಆ ಕುರೀಗಿ ಚಾಕು ಮುಟ್ಟಸಾಕ ಬಿಡಂಗಿಲ್ಲ. ಅಜ್ಜನ ಕಾಲದಿಂದ..."

ಅಲ್ಲಿಗೆ ನಿಂತ. ಫಾರ್ಮು ನೋಡಿದ. ನನ್ನ ಮುಖ ನೋಡಿದ. "ರಬ್ಬರ್ ಅದ ಏನು?"

"ಪೆನ್ನಿಂದ ಬರೆದೀಯೋ."

ಪೆನ್ನಿಗೆ ಮುಚ್ಚಳ ಹಾಕಿ, "ಇರಲಿ ಬಿಡು. ಅದು ಇಸ್ಲಾಂ ಅಲ್ಲ, ಪದ್ಧತಿ" ಎಂದ.

'ಮುಸಲ್ಮಾನ ಗೆಳತಿಯೊಡನೆ ಕೋಣೆ ಹಂಚಿಕೊಳ್ಳುವಿರಾ' ಎಂದು ಮೀನಲಳಿಗೆ ಕೇಳಿದರೆ, "ಆಕಿ ಚಾರ್ಜರ್ ವಾಪಸ್ ಕೊಡ್ತಾಳೇನು, ಅದು ಹೇಳು ಮೊದಲ" ಎಂದಳು. ಈಗಿನ ಕೋಣೆಯ ಪೂನಮಳಿಗೆ ಕೊಟ್ಟ ಚಾರ್ಜರ್ ದೀಪಾವಳಿಯಿಂದ ಬಂದಿಲ್ಲವಂತೆ.

ಒಬ್ಬ ಹುಡುಗ ಮಾತ್ರ, ಹೆಸರು ಬರೆಯುವುದಿಲ್ಲ, ಟಿಕ್ ಎಲ್ಲ ಹಾಕಿ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾನೆ: 'ಅವರ ಓಣಿಯಲ್ಲಿ ಹೋಗುವಾಗ ಹೆದರಿಕೆಯಾಗುತ್ತದೆ. ನನಗೆ ಯಾರೂ ಏನೂ ಮಾಡಿಲ್ಲ. ಯಾಕೆ ಹೆದರುತ್ತೇನೋ ಗೊತ್ತಿಲ್ಲ.' ಇದಕ್ಕೆ ಒಂದು ತಮಾಷೆ ಹುಡುಕಿದೆ, ಸಿಗಲಿಲ್ಲ. ಹಾಗೇ ಕಳಿಸಿದ್ದೇನೆ.

ಒಟ್ಟು ನಲವತ್ತೊಂಬತ್ತು. ಐವತ್ತನೆಯವನು ಸಿಕ್ಕಿಲ್ಲ.

ಬರಿಗಾಲಿನ ಅಧಿಕಾರಿ,
ಋಷಿಕೇಶ


ತುರೋರಿ
6 ಮಾರ್ಚ್ 2024

ಋಷಿ,

ಇವು ಬೇಕಾಗಿದ್ದವು. ಖಾದರ್ ಚಾಚಾನ ಕಥೆಗೆ ಅಜ್ಜಿ ನಕ್ಕು ಕೆಮ್ಮು ಹಿಡಿಸಿಕೊಂಡಳು.

ಐವತ್ತನೆಯವನನ್ನು ಹುಡುಕುವುದೇನು? ನೀನು ವಿದ್ಯಾರ್ಥಿ, ಮುಸ್ಲಿಮೇತರ, ಉದಗೀರದಲ್ಲಿರುವವ. ನಿನ್ನದೇ ತುಂಬು. ತಮಾಷೆ ಮಾಡದೆ.

ಸ್ವ.


ಉದಗೀರ
10 ಮಾರ್ಚ್ 2024

ಅಕ್ಕ,

ಈ ಪತ್ರವನ್ನು ನೀನೊಬ್ಬಳೇ ಓದು. ಓದಿ ಸುಟ್ಟುಬಿಡು. ಬೂದಿಯನ್ನು ಬೇಕಾದರೆ ವಿಭೂತಿ ಎಂದು ಹಚ್ಚಿಕೋ, ಆದರೆ ಸುಡು.

ತಮಾಷೆ ಮಾಡದೆ ತುಂಬು ಎಂದೆ. ತುಂಬಲು ಕೂತೆ. ನಾಲ್ಕನೆಯ ಪ್ರಶ್ನೆಗೇ ಸಿಕ್ಕಿಬಿದ್ದೆ: 'ನೀವು ಎಂದಾದರೂ ಮುಸಲ್ಮಾನರ ಮನೆಯಲ್ಲಿ ತಂಗಿದ್ದೀರಾ?' ಅಕ್ಕ, ನಾನು ಮೂರು ತಿಂಗಳಿಂದ ಅಲ್ಲೇ ಇದ್ದೇನೆ.

ಡಿಸೆಂಬರಿನಲ್ಲಿ ಬೋರ್ಡಿಂಗಿನಿಂದ ನನ್ನನ್ನು ಹೊರಗೆ ಹಾಕಿದರು. ಅಪರಾಧ ಸಣ್ಣದು. ಊಟದ ಮನೆಯ ಗೋಡೆಗೆ ಒಂದು ಶ್ರದ್ಧಾಂಜಲಿ ಅಂಟಿಸಿದ್ದೆ: 'ನಮ್ಮೆಲ್ಲರ ಪ್ರೀತಿಯ ತೊಗರಿಬೇಳೆ ದೀರ್ಘಕಾಲದ ತೆಳುವಿನಿಂದ ನರಳಿ ನಿಧನ ಹೊಂದಿದೆ. ಮೃತರು ಅಪಾರ ನೀರನ್ನು ಅಗಲಿದ್ದಾರೆ.' ನಲವತ್ತು ಹುಡುಗರು ತಟ್ಟೆಯ ಮುಂದೆ ಎದ್ದುನಿಂತು ಮೌನ ಆಚರಿಸಿದರು. ಮೌನದ ನಡುವೆ ಕಾರ್ಯದರ್ಶಿಗಳು ಒಳಗೆ ಬಂದರು.

ನಡುವರ್ಷದಲ್ಲಿ ಕೋಣೆ ಎಲ್ಲಿ ಸಿಗಬೇಕು? ಸಹಪಾಠಿ ಜಿಲಾನಿ ತನ್ನ ಖಾಲಾನ ಮನೆಗೆ, ಎಂದರೆ ತಾಯಿಯ ಅಕ್ಕನ ಮನೆಗೆ, ಕರೆದೊಯ್ದ. ದನದ ಬಜಾರಿನ ಹಿಂದೆ ಹಸಿರು ತಗಡಿನ ಬಾಗಿಲು, ಮೇಲೆ ಒಂದು ಕೋಣೆ. ಖಾಲಾನ ಹೆಸರು ಶಹಜಾದಬಿ. ತೀರಿಹೋದ ಗಂಡ ಎತ್ತಿನ ದಲಾಲ. ನನ್ನನ್ನು ಎತ್ತು ನೋಡಿದಂತೆ ಸುತ್ತ ತಿರುಗಿ ನೋಡಿ, "ಲಿಂಗವಂತರ ಹುಡುಗ ಏನು? ಕೊರಳಾಗ ಲಿಂಗ ಎಲ್ಲದ?" ಎಂದಳು.

"ಟ್ರಂಕಿನ್ಯಾಗ ಅದ."

"ಟ್ರಂಕ್ ಲಿಂಗಾಯತ ಅದ ಏನು? ಕೊರಳಾಗ ಕಟ್ಕೊ. ಆಮ್ಯಾಲ ಕೋಣಿ ತೋರಸ್ತೀನಿ."

ನಾನು ಬರೆದ ಆ 'ಮೇಲ್ವಿಚಾರಕರು' ಇವರೇ. ನನ್ನದೆಂದು ಬೇರೆ ತಟ್ಟೆ, ಬೇರೆ ಪಾತ್ರೆ ತಂದು ಮೇಲಿನ ಹಲಗೆಯಲ್ಲಿಟ್ಟಿದ್ದಾಳೆ. ಮೊನ್ನೆ ಶಿವರಾತ್ರಿ. ನನಗೆ ಮರೆತಿತ್ತು; ಆಕೆಗೆ ನೆನಪಿತ್ತು. ಬೆಳಗ್ಗೆ ಎರಡು ಬಾಳೆಹಣ್ಣು ಕೊಟ್ಟು, "ಇವತ್ತ ಇಷ್ಟೇ" ಎಂದಳು. ನಾನು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ ಎರಡು ತತ್ತಿಯ ಆಮ್ಲೆಟ್ ತಿಂದು ಬಂದೆ. ಹೌದು, ತಿನ್ನುತ್ತೇನೆ, ಎರಡು ವರ್ಷದಿಂದ. ಬಾಗಿಲಲ್ಲೇ ಶರ್ಟು ಮೂಸಿದಳು. "ಹಾಯ್ ಅಲ್ಲಾ! ಶಿವರಾತ್ರಿ ದಿನ ಅಂಡಾ!" ಓಣಿಯ ಮೂರು ಮನೆಗೆ ಕೇಳಿಸಿತು. ತಲೆಯ ಮೇಲೆ ಎರಡು ಕೊಡ ನೀರು ಸುರಿಸಿ, ಪೂಜೆಗೆ ಕೂಡಿಸಿ, ಮುಗಿಯುವತನಕ ಎದುರಿಗೆ ಕೂತಳು.

ಈಗ ತಮಾಷೆ ಇಲ್ಲದೆ ಒಂದು ಮಾತು. ಜನವರಿಯಲ್ಲಿ ಜ್ವರ ಬಂದಿದ್ದನ್ನು ಮನೆಗೆ ತಿಳಿಸಲಿಲ್ಲ, ತಿಳಿಸಿದ್ದರೆ ಅಪ್ಪ ಬೋರ್ಡಿಂಗಿಗೆ ಬರುತ್ತಿದ್ದರು. ಮೂರು ದಿನ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಿಸಿದವಳು ಆ ಮುದುಕಿ. ಈ ಕೋಣೆ ಬಿಡಲು ನನಗೆ ಮನಸ್ಸಿಲ್ಲ.

ಅಪ್ಪನಿಗೆ ಗೊತ್ತಾದರೆ ಏನಾಗುತ್ತದೆಂದು ನಿನಗೂ ಗೊತ್ತು. ಪರವೂರಿನ ಚಹಾ ಸಹ ಕುಡಿಯದವರು, ಬಾಟಲಿಯಲ್ಲಿ ಮನೆಯ ನೀರು ಒಯ್ಯುವವರು. ಮರುದಿನವೇ ಗೊಬ್ಬರದಂಗಡಿಯ ಕುರ್ಚಿ. ಆದ್ದರಿಂದ ಹದಿನೇಳನೆಯ ಪ್ರಶ್ನೆಗೆ, ಯೋಚನೆಯೂ ಮಾಡದೆ, 'ಇಲ್ಲ' ಎಂದು ಹಾಕಿದ್ದೇನೆ. ಐವತ್ತರಲ್ಲಿ ಇದಕ್ಕಿಂತ ಖಾತ್ರಿಯ ಟಿಕ್ ಇನ್ನೊಂದಿಲ್ಲ.

ಸುಡುವುದನ್ನು ಮರೆಯಬೇಡ.

ಋಷಿ


ತುರೋರಿ
18 ಮಾರ್ಚ್ 2024

ಋಷಿ,

ಫಾರ್ಮು ತಲುಪಿತು. ನನ್ನ ಕಾಲು ಪರವಾಗಿಲ್ಲ. ಅಜ್ಜಿ ಆರಾಮ. ಇಲ್ಲಿ ಬಿಸಿಲು ಬಹಳ.

ಕಾಕಾ ಮುಂದಿನ ವಾರ ಗುರುವಾರ, 28ಕ್ಕೆ, ಎತ್ತು ನೋಡಲು ಉದಗೀರದ ದನದ ಬಜಾರಿಗೆ ಬರುತ್ತಾರೆ. ಬೆಳಗಿನ ಬಸ್ಸು. ನೀನು ಸ್ಟ್ಯಾಂಡಿಗೆ ಬರಬೇಕಂತೆ.

ಸ್ವ.


ಉದಗೀರ
22 ಮಾರ್ಚ್ 2024

ಅಕ್ಕ! ಅಕ್ಕ!

ಬಜಾರಿನಿಂದ ಹಸಿರು ಬಾಗಿಲಿಗೆ ಎಂಬತ್ತು ಹೆಜ್ಜೆ! ಅಪ್ಪನನ್ನು ತಡೆ. ಬಸ್ಸಿನ ಗಾಲಿಗೆ ಮೊಳೆ ಹೊಡೆಸು. ನಿನ್ನ ಇನ್ನೊಂದು ಕಾಲನ್ನು ದೇಶಕ್ಕಾಗಿ ಮುರಿದುಕೋ.

ಆಗದಿದ್ದರೆ ನನ್ನ ಯುದ್ಧತಂತ್ರ ಸಿದ್ಧವಿದೆ. ಬೋರ್ಡಿಂಗಿನಲ್ಲಿ ಮನೋಜನ ಮಂಚವನ್ನು ಒಂದು ದಿನಕ್ಕೆ ಎರವಲು ಪಡೆದಿದ್ದೇನೆ. ನನ್ನ ಟ್ರಂಕು, ಬಸವಣ್ಣನ ಫೋಟೋ, ಒಂದು ಸೋಪು ಅಲ್ಲಿಡುತ್ತೇನೆ. ಕಾರ್ಯದರ್ಶಿಗಳು ಗುರುವಾರ ಲಾತೂರಿಗೆ ಹೋಗುತ್ತಾರೆ. ಮನೋಜನಿಗೆ ಹೇಳಿದ್ದೇನೆ, ಅಪ್ಪ ಏನೇ ಕೇಳಿದರೂ 'ಹೌದ್ರೀ' ಎನ್ನು ಎಂದು. ಅವನು 'ಹೇಳಲಾಗದು' ಎನ್ನದಿದ್ದರೆ ಸಾಕು.

ನಿನ್ನ ಪತ್ರ ಇಷ್ಟು ಚಿಕ್ಕದೇಕೆ? ನನ್ನ ಮೇಲೆ ಸಿಟ್ಟಾ? ಸುಟ್ಟೆಯಾ ಇಲ್ಲವಾ, ಅದನ್ನೂ ಬರೆದಿಲ್ಲ.

ಋಷಿ


ಉದಗೀರ
29 ಮಾರ್ಚ್ 2024

ಅಕ್ಕ,

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಅಕ್ಷರ ಸೊಟ್ಟಗಿವೆ. ಸ್ವಲ್ಪ ಹೆದರಿಕೆಗೆ, ಉಳಿದದ್ದು ಹಿಟ್ಟು ನಾದಿದ್ದಕ್ಕೆ.

ಅಪ್ಪ ಬಸ್ಸಿನಿಂದ ಇಳಿದರು. ತಲೆಯ ಮೇಲೆ ಟೋಪಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮನೆಯ ನೀರಿನ ಬಾಟಲಿ. "ಅಪ್ಪಾ, ಮೊದಲ ಬೋರ್ಡಿಂಗಿಗಿ ಹೋಗಮು" ಎಂದೆ. ಅಪ್ಪ ನನ್ನ ಮುಖ ನೋಡದೆ, "ಹಸರ ಬಾಗಿಲ ಮನಿಗಿ ನಡಿ" ಎಂದರು.

ಆಮೇಲಿನ ದಾರಿ ನೆನಪಿಲ್ಲ. ಕಾಲು ತಾವೇ ನಡೆದವು.

ಶಹಜಾದಬಿ ಬಾಗಿಲಲ್ಲಿ ತಲೆಯ ಸೆರಗು ಸರಿಮಾಡಿಕೊಂಡು, "ಬರ್ರಿ, ಕೂಡ್ರಿ" ಎಂದಳು. ಅಪ್ಪ "ಶರಣ್ರೀ ಬಾಯಿ" ಎಂದು ಕಟ್ಟೆಯ ಮೇಲೆ ಕೂತರು. ಒಳಗೆ ಬರಲಿಲ್ಲ. ತಮ್ಮ ಬಾಟಲಿ ತೆಗೆದು ತಮ್ಮ ನೀರು ಕುಡಿದರು. ನನಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ಆಕೆ ಅದನ್ನು ನೋಡಿಯೂ ನೋಡದಂತೆ ಒಳಗೆ ಹೋಗಿ ಒಂದು ಮೊರ ತಂದಳು: ಜೋಳದ ಹಿಟ್ಟು, ಕಡಲೆ ಹಿಟ್ಟು, ಉಳ್ಳಾಗಡ್ಡಿ, ಮೆಣಸಿನಕಾಯಿ, ಎಣ್ಣೆ, ಉಪ್ಪು, ಕಡ್ಡಿಪೆಟ್ಟಿಗೆ. ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಹೊಸ ತವೆ.

"ಶಿಧಾ ತಗೋರಿ. ಹುಡುಗನ ಕೋಣ್ಯಾಗ ಒಲಿ ಅದ. ಭಾಂಡಿ ಹೊಸಾವ, ನಮ್ಮ ಕೈ ಹತ್ತಿಲ್ಲ."

ಗಂಡ ಎತ್ತಿನ ದಲಾಲಿ ಮಾಡುವಾಗ ಬರುತ್ತಿದ್ದ ನಮ್ಮ ಕಡೆಯ ರೈತರಿಗೆ ಹೀಗೇ ಕೊಡುತ್ತಿದ್ದರಂತೆ. ನಮ್ಮ ಅಡಿಗೆ ನೀವು ಉಣ್ಣದಿದ್ದರೆ ಬೇಡ, ನಮ್ಮ ಬಾಗಿಲಿಂದ ಹಸಿದೂ ಹೋಗಬೇಡಿ, ಹಸಿ ಹಿಟ್ಟು ತಗೊಂಡು ನೀವೇ ಮಾಡಿಕೊಳ್ಳಿ ಎಂದು. ಅಪ್ಪ ಕೈಮುಗಿದು ಮೊರ ತಗೊಂಡರು. ಇಬ್ಬರಿಗೂ ಅದರಲ್ಲಿ ಏನೂ ಅನಿಸಲಿಲ್ಲ.

ಅನಿಸಿದ್ದು ನನಗೆ. ಎದ್ದುನಿಂತು ಭಾಷಣ ಶುರುಮಾಡಿದೆ. "ಅಪ್ಪಾ, ಇಪ್ಪತ್ತೊಂದನೇ ಶತಮಾನದಾಗ, ಬಸವಣ್ಣನವರ ಹೆಸರು ಹೇಳೋ ನಾವೇ..."

"ಏ, ಬೈಠ್!" ಎಂದಳು ಶಹಜಾದಬಿ. "ಮೆಹಮಾನ್ ನನ್ನಾಂವ. ನೀ ನಡುವ ಬಾಯಿ ಹಾಕಾಂವ ಯಾರು? ನೀ ಬಾಡಿಗಿಯಾಂವ."

ಕೂತೆ.

ಈಗ ಸಮಸ್ಯೆಯ ಮೂಲಕ್ಕೆ ಬರೋಣ. ನಿನ್ನ ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ: ರೊಟ್ಟಿ ಬಡಿಯಲು ಬರುತ್ತದೆಯೇ? ಅಪ್ಪನಿಗೆ ಬರುವುದಿಲ್ಲ. ನನಗೆ ಬರುವುದಿಲ್ಲ. ಕೋಣೆಯಲ್ಲಿ ತಂದೆ ಮಗ ಹಿಟ್ಟಿನ ಮುಂದೆ ಕೂತೆವು. ಅಪ್ಪ ಅದಕ್ಕೆ ತಣ್ಣೀರು ಸುರಿದು ಗಾರೆ ಕಲಸಿದಂತೆ ಕಲಸಿದರು. ನಾನು ಬಡಿದ ಮೊದಲ ರೊಟ್ಟಿ ಥೇಟು ಲಾತೂರ ಜಿಲ್ಲೆಯ ನಕಾಶೆ. ಮಗುಚಲು ಹೋದೆ, ಜಳಕೋಟ ತಾಲೂಕು ಹರಿದು ತವೆಯಲ್ಲೇ ಉಳಿಯಿತು. ಎರಡನೆಯದಕ್ಕೆ ಬೆಂಕಿ ಹತ್ತಿತು. ಹೊಗೆಗೆ ಓಣಿಯ ಬೆಕ್ಕು ಊರು ಬಿಟ್ಟಿತು.

ಶಹಜಾದಬಿ ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಹೊರಗೆ ನಿಂತಳು. ಒಳಗೆ ಕಾಲಿಡಲಿಲ್ಲ. "ಕುದಿಯೋ ನೀರು ಹಾಕ್ರೀ, ಕುದಿಯೋ ನೀರು! ಹಾಂ, ಈಗ ನಾದ್ರಿ. ಅಯ್ಯ, ಎಮ್ಮೀಗಿ ಮೈ ತಿಕ್ಕದಂಗ ತಿಕ್ಕಬ್ಯಾಡ್ರೀ!"

ಅಪ್ಪ ಬೆಳಗಿನ ಐದಕ್ಕೆ ಮನೆ ಬಿಟ್ಟವರು. ಹೊಟ್ಟೆ ಗುರುಗುಟ್ಟಿದ್ದು ಮೂವರಿಗೂ ಕೇಳಿಸಿತು.

ಆಕೆ ಹೊಸ್ತಿಲು ದಾಟಿ ಒಳಗೆ ಬಂದಳು. ನನ್ನ ಕೈಯಿಂದ ಹಿಟ್ಟು ಇಸಿದುಕೊಂಡಳು.

ಅಕ್ಕ, ಆ ಕ್ಷಣ ಅಪ್ಪ ಒಮ್ಮೆ ಆಕೆಯ ಕೈ ನೋಡಿದರು. ಆಮೇಲೆ ಎದ್ದು, ಗೋಡೆಯ ಕ್ಯಾಲೆಂಡರಿನ ಮುಂದೆ, ನಮಗೆ ಬೆನ್ನು ಮಾಡಿ ನಿಂತರು. ಮಾರ್ಚ್ ತಿಂಗಳನ್ನು ಓದಿದರು. ಹಬ್ಬ ಓದಿದರು, ಅಮಾವಾಸ್ಯೆ ಓದಿದರು, ಕೆಳಗಿನ ಗೊಬ್ಬರದ ಜಾಹೀರಾತನ್ನೂ ಓದಿದರು. ಹಿಂದೆ ಪಟಪಟ ರೊಟ್ಟಿ ಬಡಿಯುವ ಸಪ್ಪಳ. ಅಪ್ಪ ಪುಟ ತಿರುವಿ ಏಪ್ರಿಲ್ ಓದಿದರು. ಕಡಲೆ ಹಿಟ್ಟಿನ ಝುಣಕದ ಒಗ್ಗರಣೆ ಚುಂಯ್ ಎಂದಿತು. ಅಪ್ಪ ಮೇ ತಿಂಗಳಿಗೆ ಹೋದರು. ಏಳು ರೊಟ್ಟಿ ಪೇರಿಸಿಟ್ಟು ಆಕೆ ಹೊಸ್ತಿಲ ಆಚೆ ಹೋದಾಗ ಅಪ್ಪ ಅರ್ಧ ಜೂನ್ ಮುಗಿಸಿದ್ದರು.

ತಿರುಗಿ, ರೊಟ್ಟಿಯ ರಾಶಿ ನೋಡಿ, "ಆಯ್ತೇನು ಋಷಿ? ಛಲೋ ಮಾಡಿದಿ" ಎಂದರು.

"ಹೌದ್ರೀ ಅಪ್ಪಾ" ಎಂದೆ.

ನಾಲ್ಕು ರೊಟ್ಟಿ ಉಂಡರು. ಝುಣಕ ಎರಡು ಸಲ ಹಾಕಿಸಿಕೊಂಡರು. ಶಹಜಾದಬಿಗೆ ನಿನ್ನೆ ರಂಜಾನಿನ ಹದಿನೇಳನೆಯ ರೋಜಾ. ಬೆಳಗಿನಿಂದ ಹನಿ ನೀರು ಮುಟ್ಟದೆ ಒಲೆಯ ಮುಂದೆ ಕೂತಿದ್ದಳು.

ಇಷ್ಟರಲ್ಲಿ ಮುಗಿದಿದ್ದರೆ ಸುಖವಿತ್ತು. ಹೊರಡುವಾಗ ಕಟ್ಟೆಯ ಮೇಲೆ ಅಪ್ಪ ಕೇಳಿದರು, "ಹುಡುಗ ಹ್ಯಾಂಗ ಇದ್ದಾನ್ರೀ ಬಾಯಿ?"

ಆಕೆ ನನ್ನನ್ನು ನೋಡಿದಳು. ನಾನು ಕಣ್ಣಲ್ಲೇ ಕಾಲಿಗೆ ಬಿದ್ದೆ. "ಹುಡುಗ ಛಲೋ ಇದ್ದಾನ್ರೀ. ಆದ್ರ ಶಿವರಾತ್ರಿ ದಿನ ಅಂಡಾ ತಿಂದಾನ."

ಮುಸಲ್ಮಾನರ ಮನೆಯಲ್ಲಿ ಮಗನಿದ್ದಾನೆಂಬುದಕ್ಕೆ ಅಲುಗದ ಹುಬ್ಬು ತತ್ತಿಗೆ ಟೋಪಿಯವರೆಗೆ ಏರಿತು. ಅಪ್ಪ ಸೀದಾ ಸ್ಟ್ಯಾಂಡಿಗೆ ನಡೆದರು. ಎತ್ತು ನೋಡಲೂ ಇಲ್ಲ. ಕೋಣೆಯ ಬಗ್ಗೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.

ಅಕ್ಕ, ಗೊಬ್ಬರದಂಗಡಿಯ ಕುರ್ಚಿ ಎಲ್ಲಿದೆ ನೋಡಿ ಬರೆ. ಅಪ್ಪನಿಗೆ ಈ ಮನೆ ಗೊತ್ತಾದದ್ದು ಹೇಗೆ? ನೀನು ಸುಟ್ಟಿದ್ದೀ ತಾನೆ?

ಮತ್ತೆ ನನ್ನ ಫಾರ್ಮಿನ ಹದಿನೇಳನೆಯ ಉತ್ತರ ತಪ್ಪಾಗಿದೆ. ತಿದ್ದು ಎನ್ನೋಣವೆಂದರೆ ಏನೆಂದು ತಿದ್ದುವುದೋ ತಿಳಿಯದು. ಕ್ಯಾಲೆಂಡರ್ ನೋಡಿದವರಿಗೆ ನಿನ್ನಲ್ಲಿ ಚೌಕವಿಲ್ಲ.

ಋಷಿ


ತುರೋರಿ
5 ಏಪ್ರಿಲ್ 2024

ಋಷಿ,

ಸುಡಲಿಲ್ಲ. ಈಗ ನನ್ನ ತಪ್ಪೊಪ್ಪಿಗೆ ಕೇಳು.

ಮರಾಠಿ ಶಾಲೆಯಲ್ಲಿ ಓದಿದ ನಮಗಿಬ್ಬರಿಗೂ ಕನ್ನಡ ಓದಲು ಕಲಿಸಿದವಳು ಅಜ್ಜಿ. ಈಗ ಆಕೆಗೆ ಅಕ್ಷರ ಕಾಣದು. ನಿನ್ನ ಮೊದಲ ಪತ್ರ ಬಂದಾಗ "ಜೋರಾಗಿ ಓದು" ಎಂದಳು. ಅಂದಿನಿಂದ ನಿನ್ನ ಪ್ರತಿ ಪತ್ರವೂ ಪಡಸಾಲೆಯಲ್ಲಿ ಬಹಿರಂಗ ವಾಚನ. ಕಾಕಾ ಪೇಪರಿನ ಹಿಂದೆ ಕೂತು ಕೇಳದವರಂತೆ ಕೇಳುತ್ತಾರೆ. ಪಾರಿವಾಳದ ಶಿಸ್ತಿಗೆ ಪೇಪರು ಅಲುಗಾಡಿತ್ತು.

ಆ ಪತ್ರವನ್ನೂ ಹಾಗೇ ತೆರೆದೆ. 'ನೀನೊಬ್ಬಳೇ ಓದು' ಎಂಬುದನ್ನು ಜೋರಾಗಿಯೇ ಓದಿದೆ. ನಿನ್ನ ಇನ್ನೊಂದು ನಾಟಕವೆಂದುಕೊಂಡೆ. 'ಮೂರು ತಿಂಗಳಿಂದ ಅಲ್ಲೇ ಇದ್ದೇನೆ' ಎಂದಾದ ಮೇಲೆ ಓದು ನಿಲ್ಲಿಸಿದೆ. ಪೇಪರಿನ ಹಿಂದಿನಿಂದ ಕಾಕಾ, "ಮುಂದ ಓದು" ಎಂದರು. ಓದಿದೆ. ಜ್ವರದ ಜಾಗಕ್ಕೆ ಬಂದಾಗ ಪೇಪರು ಕೆಳಗಿಟ್ಟರು. ಆದರೆ ತತ್ತಿಯ ಭಾಗ ನಾನು ಹಾರಿಸಿದ್ದೆ, ಋಷಿ. ಅಷ್ಟು ಮಾತ್ರ ನಿನಗಾಗಿ ಮಾಡಿದೆ. ಶಹಜಾದಬಿ ಅದನ್ನೂ ಉಳಿಸಲಿಲ್ಲ; ಕಾಕಾ ಮರಳಿ ಬಂದು ಆ ಭಾಗವನ್ನೂ ಓದಿಸಿದರು.

ಮೂರನೆಯ ದಿನ ಕಾಕಾ, ಎತ್ತು ನೋಡಲು ಉದಗೀರಕ್ಕೆ ಹೋಗುತ್ತೇನೆ, ಪತ್ರ ಹಾಕು, ಬೇರೇನೂ ಬರೆಯಬೇಡ ಎಂದರು. ನಮಗೆ ಎತ್ತು ಏಕೆ, ಟ್ರ್ಯಾಕ್ಟರ್ ಇಲ್ಲವೇ ಎಂದು ಅಜ್ಜಿ ಕೇಳಿದ್ದಕ್ಕೆ ಮತ್ತೆ ಪೇಪರು ಎತ್ತಿಕೊಂಡರು.

ಕುರ್ಚಿಯ ಸುದ್ದಿ: ಅದರ ಮೇಲೆ ಈಗ ನನ್ನ ಪ್ಲಾಸ್ಟರಿನ ಕಾಲಿದೆ. ಕಾಕಾ ತಾವೇ ತಂದಿಟ್ಟರು. ತೀರ್ಪನ್ನು ಅವರ ಮಾತಲ್ಲೇ ಬರೆಯುತ್ತೇನೆ: "ಆ ಕೋಣಿ ಬಿಡಾಂಗಿಲ್ಲ ಅಂತ ಬರಿ ಅಂವಗ. ಬೋರ್ಡಿಂಗ್‌ದಾಗ ಎರಡು ವರ್ಷ ತತ್ತಿ ತಿಂದ್ರೂ ಯಾರಿಗೂ ಪತ್ತೆ ಹತ್ತಲಿಲ್ಲ. ಆ ಬಾಯಿ ಒಂದ ದಿನದಾಗ ಹಿಡದಾಳ." ಇನ್ನು ಮೇಲೆ ತಿಂಗಳಿಗೊಮ್ಮೆ, ಪೂಜೆ ಸರಿಯಾಗಿ ನಡೆದಿದೆ, ತತ್ತಿ ಮುಟ್ಟಿಲ್ಲ ಎಂಬ ಪ್ರಮಾಣಪತ್ರ ಬರಬೇಕು. ಅದರ ಕೆಳಗೆ ಶಹಜಾದಬಿಯ ಹೆಬ್ಬೆಟ್ಟು. ಸಹಿ ನಡೆಯದು, ಐವತ್ತು ಜನರ ಸಹಿ ನೀನೊಬ್ಬನೇ ಹಾಕಬಲ್ಲೆ ಎಂದು ನಾನು ಸಾಕ್ಷಿ ನುಡಿದಿದ್ದೇನೆ.

ಹದಿನೇಳನೆಯ ಪ್ರಶ್ನೆಯ ಬಗ್ಗೆ. ನಿನ್ನೆ ನಾನು ಫಾರ್ಮುಗಳನ್ನು ಜೋಡಿಸುತ್ತಿದ್ದಾಗ ಕಾಕಾ ಬಂದು ಒಂದು ಖಾಲಿ ಫಾರ್ಮು ಕೇಳಿದರು. ಇದು ವಿದ್ಯಾರ್ಥಿಗಳಿಗೆ ಎಂದೆ. "ಇರಲಿ ಕೊಡು" ಎಂದು ಚಶ್ಮಾ ಹಾಕಿಕೊಂಡು ಕೂತರು. ಹತ್ತೊಂಬತ್ತು ಪ್ರಶ್ನೆ ಖಾಲಿ ಬಿಟ್ಟಿದ್ದಾರೆ. ಹದಿನೇಳನೆಯದರ ಮೂರೂ ಚೌಕಗಳೂ ಖಾಲಿ. ಬದಿಯಲ್ಲಿ, ಗೆರೆಯ ಹೊರಗೆ, ಕನ್ನಡದಲ್ಲಿ ಬರೆದಿದ್ದಾರೆ. ಮೇಡಂ ನೋಡಿದರೆ ಅಸಿಂಧು ಎನ್ನುತ್ತಾರೆ. ನಾನು ಅದನ್ನು ಪ್ರಬಂಧದ ಮೊದಲ ಪುಟದಲ್ಲಿ ಅಂಟಿಸಿದ್ದೇನೆ. ನಿನಗಾಗಿ ಇಲ್ಲಿ ಇದ್ದ ಹಾಗೆ ಇಳಿಸಿದ್ದೇನೆ:

'ಝುಣಕದಾಗ ಉಪ್ಪು ಕಮ್ಮಿ ಇತ್ತು. ಅದು ಆಕಿ ತಪ್ಪಲ್ಲ. ಆಕೀಗಿ ರೋಜಾ ಇತ್ತು, ರುಚಿ ನೋಡಾಂಗಿರಲಿಲ್ಲ.'

ಸ್ವಪ್ನಾಲಿ